ಒಂದು ಜೊತೆ ಬೂಟು

ಅಮೆರಿಕದ ಮಿಲ್ವಾಕಿಯ ನಮ್ಮ ಕನ್ನಡಿಗರ ರಾಜ್ಯೋತ್ಸವ ಸಂಚಿಕೆ ನಾಳೆ ಬೆಳಿಗ್ಗೆ ಮುದ್ರಣಕ್ಕೆ ಹೋಗಬೇಕು. ರಾತ್ರಿ 11 ದಾಟಿದರೂ ಈ ಪುಟ ಖಾಲಿಯಾಗಿಯೇ ಇದೆ. ನಾಡಹಬ್ಬದ ಕುರಿತು ಬರೆಯಲು ಕುಳಿತವಳಿಗೆ, ಮೂರು ವಾರದ ಹಿಂದೆ ಕನ್ನಡ ತರಗತಿ ಮುಗಿದ ಮೇಲೆ ಕುರ್ಚಿ ಎತ್ತಿಡುತ್ತಿದ್ದ 14ರ ಹುಡುಗನೊಬ್ಬ "ಬ್ಯಾಸ್ಕೆಟ್‌ಬಾಲ್ ಟೀಮ್ ಬಿಟ್ಟೆ, ಅಮ್ಮನಿಗೆ ಹೇಳ್ಬೇಡಿ" ಎಂದದ್ದೇ ನೆನಪಾಗುತ್ತಿದೆ. (ಅಮ್ಮನಿಗೆ ಈಗ ಗೊತ್ತಾಗಿದೆ, ಮನೆಯವರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ.)

ಅವನ ತಂದೆಯ ಕೆಲಸ ಹೋಗಿದೆ. ಎಚ್-1ಬಿ ಉದ್ಯೋಗ ವೀಸಾದವರು ಕೆಲಸ ಹೋದರೆ ಸಾಮಾನ್ಯವಾಗಿ 60 ದಿನಗಳೊಳಗೆ ಬೇರೆ ಕೆಲಸವನ್ನೋ ಬೇರೆ ವೀಸಾವನ್ನೋ ಹುಡುಕಿಕೊಳ್ಳಬೇಕು, ಇಲ್ಲವೇ ದೇಶ ಬಿಡಬೇಕು ಎಂಬ ಲೆಕ್ಕವನ್ನು ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ. ಆಟ ಬಿಡೆಂದು ಮನೆಯಲ್ಲಿ ಯಾರೂ ಹೇಳಿರಲಿಲ್ಲ. ಶುಲ್ಕ, ಬೂಟು, ಪರವೂರಿನ ಪಂದ್ಯಗಳಿಗೆ ಪೆಟ್ರೋಲು ಎಂದು ತಾನೇ ಲೆಕ್ಕ ಹಾಕಿ, ಜೊತೆಯ ಹುಡುಗರಿಗೆ ಮಂಡಿನೋವೆಂದು ಸುಳ್ಳು ಹೇಳಿದ್ದ.

ದಾವಣಗೆರೆಯ ಹತ್ತಿ ಗಿರಣಿಗಳು ಒಂದೊಂದಾಗಿ ಮುಚ್ಚುತ್ತಿದ್ದ ಕಾಲದಲ್ಲಿ ನಾನೂ ಅಕ್ಕನೂ ಶಾಲೆಯ ತಂಡದಲ್ಲಿದ್ದೆವು. ಅಪ್ಪನ ಗಿರಣಿಗೆ ಬೀಗ ಬಿದ್ದ ವರ್ಷ ಇಬ್ಬರಿಗೂ ಸೇರಿ ಇದ್ದದ್ದು ಒಂದೇ ಜೊತೆ ಬಿಳಿ ಕ್ಯಾನ್ವಾಸ್ ಬೂಟು; ಅವಳಿಗೆ ಬಿಗಿ, ನನಗೆ ಸಡಿಲ, ತುದಿಗೆ ಹಳೆಯ ಪಂಚೆಯ ಚೂರು ತುರುಕಿಕೊಳ್ಳುತ್ತಿದ್ದೆ. ಆದ್ದರಿಂದ ಅವಳು ಹೊರಬಂದಾಗಲೇ ನಾನು ಅಂಕಣಕ್ಕೆ ಇಳಿಯುತ್ತಿದ್ದೆ. ಡ್ರಿಲ್ ಮಾಸ್ತರರು ಇದನ್ನು ನಮ್ಮ ತಂತ್ರವೆಂದೇ ನಂಬಿದ್ದರು. ಒಮ್ಮೆ ಮತ್ತೊಬ್ಬ ಹುಡುಗಿಗೆ ಕಾಲು ಉಳುಕಿ, ಅಕ್ಕ ಆಡುತ್ತಿರುವಾಗಲೇ ನನ್ನನ್ನು ಕರೆದರು. ನಾನು ಬರಿಗಾಲಲ್ಲಿ ಎದ್ದು ನಿಂತೆ. ಉಳುಕಿದ ಕಾಲನ್ನು ಹಿಡಿದು ಕುಳಿತಿದ್ದವಳು ಒಂದು ಮಾತೂ ಆಡದೆ ತನ್ನ ಬೂಟು ಬಿಚ್ಚಿ ನನ್ನತ್ತ ನೂಕಿದಳು. ಪಂದ್ಯ ಸೋತೆವು. ಆ ಬೂಟಿನ ಬಿಸಿ ಮಾತ್ರ ನನ್ನ ಪಾದಕ್ಕೆ ಇನ್ನೂ ಗೊತ್ತು.

ನಮ್ಮ ಮಿಲ್ವಾಕಿಯ ಮಕ್ಕಳಿಗೆ ಈ ಕಥೆ ಹೊಸದೇನಲ್ಲ. ಅಥೆನ್ಸಿನಲ್ಲಿ ನೈಜೀರಿಯಾದ ದಂಪತಿಗೆ ಹುಟ್ಟಿ, 2013ರವರೆಗೆ ಗ್ರೀಸಿನ ಪೌರತ್ವವಿಲ್ಲದೆ ಬೆಳೆದು, ಇಲ್ಲಿನ ಬಕ್ಸ್ ತಂಡಕ್ಕೆ ಆಡಿ ಹೆಸರಾದ ಬ್ಯಾಸ್ಕೆಟ್‌ಬಾಲ್ ಆಟಗಾರ ಯಾನಿಸ್ ಅಂಟೆಟೊಕುಂಪೊ ಅಣ್ಣನೊಡನೆ ಒಂದೇ ಜೊತೆ ಬೂಟು ಹಂಚಿಕೊಂಡಿದ್ದನ್ನು ಅವರು ಬಲ್ಲರು. ಇಲ್ಲಿಗೆ ಬಂದ ಮೊದಲ ಋತುವಿನಲ್ಲಿ, ಕೈಲಿದ್ದ ಹಣವನ್ನೆಲ್ಲ ಮನೆಗೆ ಕಳುಹಿಸಿ ಟ್ಯಾಕ್ಸಿಗೂ ಕಾಸಿಲ್ಲದೆ ಪಂದ್ಯಕ್ಕೆ ಓಡುತ್ತಿದ್ದ ಅವನನ್ನು ಅಪರಿಚಿತ ದಂಪತಿ ಕಾರಿಗೆ ಹತ್ತಿಸಿಕೊಂಡರು. ಬಕ್ಸ್ ತಂಡ ಚಾಂಪಿಯನ್ ಆದ 2021ರ ಅಂತಿಮ ಪಂದ್ಯದಲ್ಲಿ ಅವನು ಗಳಿಸಿದ 50 ಅಂಕಗಳನ್ನು ಎಲ್ಲರೂ ಎಣಿಸುತ್ತಾರೆ. ನನಗೆ ಆ ಕಾರಿನವರ ಮೇಲೆಯೇ ಹೆಚ್ಚು ಅಕ್ಕರೆ.

ಮಂಡಿನೋವಿನ ಗುಟ್ಟು ರಟ್ಟಾದ ಮೇಲೆ ತಂಡದ ಮೂವರು ಹುಡುಗರು ಇವನ ಮನೆಗೆ ಬಂದು, ಒಗ್ಗರಣೆ ಅವಲಕ್ಕಿ ತಿಂದು, ಇವನನ್ನು ಅಭ್ಯಾಸಕ್ಕೆ ಎಳೆದೊಯ್ದಿದ್ದಾರೆ. ತಂದೆ ಸಂದರ್ಶನಗಳಿಗಾಗಿ ಊರೂರು ಅಲೆಯುತ್ತಿದ್ದಾರೆ, ತಾಯಿಗೆ ಸಂಜೆಯ ಪಾಳಿ.

ಇನ್ನು ಪ್ರಕಟಣೆಗಳು: ರಾಜ್ಯೋತ್ಸವ ಶನಿವಾರ ಮಧ್ಯಾಹ್ನ 2ಕ್ಕೆ, ಮಕ್ಕಳ ಪಂದ್ಯವಿರುವುದರಿಂದ ಸಮೂಹಗೀತೆಯನ್ನು 4ಕ್ಕೆ ಮುಂದೂಡಿದ್ದೇವೆ, ಹೋಳಿಗೆಗೆ ಹೆಸರು ಕೊಡಲು ಗುರುವಾರ ಕೊನೆಯ ದಿನ, ಕರಡು ತಿದ್ದಲು ಯಾರಾದರೂ ಬಂದರೆ ಈ ಸಂಪಾದಕಿ ಬದುಕಿಕೊಳ್ಳುತ್ತಾಳೆ. ಹುಡುಗನನ್ನು ಸಂಜೆ 5ಕ್ಕೆ ಅಭ್ಯಾಸಕ್ಕೆ ಬಿಟ್ಟು 7ಕ್ಕೆ ಕರೆತರಲು ಸೋಮವಾರ ಮತ್ತು ಗುರುವಾರಕ್ಕೆ ಕಾರು ಸಿಕ್ಕಿದೆ. ಬುಧವಾರ ಇನ್ನೂ ಖಾಲಿ ಇದೆ.