ಕಾರಂಜಾದ ನೀರಿಗೆ ಯಾವ ಪೆಡಲ್ ಕಯಾಕ್? ಗೆಳೆಯನಿಗೊಂದು ಪತ್ರ

ಪ್ರೀತಿಯ ದೋಸ್ತ,

ಕಾರಂಜಾ ಜಲಾಶಯದಲ್ಲಿ ಮೀನು ಹಿಡಿಯಲು ಪೆಡಲ್ ಕಯಾಕ್, ಅಂದರೆ ಕಾಲಿನಿಂದ ತುಳಿದು ನಡೆಸುವ ಸಣ್ಣ ದೋಣಿ, ತಗೊಳ್ಳಬೇಕು, ಯಾವುದು ವಾಸಿ ಅಂತ ಕೇಳಿದ್ದೆ. ನೀನು ಕಳಿಸಿದ ಫೋಟೊಗಳನ್ನೆಲ್ಲ ನೋಡಿದೆ. ವಾಟ್ಸಾಪ್‌ನಲ್ಲಿ ಎರಡು ಸಾಲು ಬರೆದು ಮುಗಿಸುವ ವಿಷಯ ಇದಲ್ಲ. ನಮ್ಮ ಕಡೆ ಇನ್ನೂ ಯಾರಾದರೂ ಇದೇ ಯೋಚನೆಯಲ್ಲಿರಬಹುದು, ಅದಕ್ಕೇ ಎಲ್ಲರೂ ಓದುವಂತೆ ಇಲ್ಲೇ ಬರೆಯುತ್ತಿದ್ದೇನೆ. ಇಷ್ಟು ದುಡ್ಡು ಹಾಕಿ ಕಲಬುರಗಿಗೆ ಕಯಾಕ್ ತರಿಸಿದ ಮೇಲೆ ಅದು ಮನೆ ಹಿಂದೆ ತಾಡಪತ್ರಿ ಹೊದ್ದು ಬಿದ್ದಿರಬಾರದು. ಮೊದಲು ತೂಕ ನೋಡು. ಆಮೇಲೆ, ಪೆಡಲಿನ ಯಂತ್ರ, ಅದೇ ಡ್ರೈವ್, ನೀರಿನೊಳಗೆ ಎಷ್ಟು ಆಳ ಇಳಿಯುತ್ತದೆ ನೋಡು. ಗಾಳದ ಕೋಲು ಸಿಕ್ಕಿಸುವ ರಾಡ್ ಹೋಲ್ಡರ್ ಎಷ್ಟಿವೆ, ನೀರಿನೊಳಗಿನ ಮೀನು ತೋರಿಸುವ ಫಿಶ್ ಫೈಂಡರ್ ಎಲ್ಲಿ ಕೂರುತ್ತದೆ, ಇವೆಲ್ಲ ಕೊನೆಗೆ.

ತೂಕ ಯಾಕೆ ಮೊದಲು ಅಂದರೆ, ನೀನು ನೋಡಿದ ವಿಡಿಯೊಗಳಲ್ಲಿ ಕಾಂಕ್ರೀಟ್ ಇಳಿಜಾರಿನಿಂದ ಕಯಾಕನ್ನು ಸಲೀಸಾಗಿ ನೀರಿಗೆ ಜಾರಿಸುತ್ತಾರೆ. ಭಾಲ್ಕಿ ಕಡೆಯ ದಂಡೆ ನಿನಗೆ ಗೊತ್ತೇ ಇದೆ. ಮಾರ್ಚ್ ಕಳೆದರೆ ಕಾರಂಜಾದ ನೀರು ಹಿಂದೆ ಸರಿಯುತ್ತಾ ಹೋಗುತ್ತದೆ. ಗಾಡಿ ನಿಲ್ಲಿಸಿದ ಜಾಗದಿಂದ ಮೊದಲು ಬಿರುಕು ಬಿಟ್ಟ ಎರೆ ನೆಲ, ಆಮೇಲೆ ಕೆಸರು, ಆಮೇಲೆ ನೀರು. 12 ಅಡಿಯ ಪೆಡಲ್ ಕಯಾಕ್ ಸೀಟು, ಡ್ರೈವ್ ಎಲ್ಲ ಸೇರಿ ಸಾಮಾನ್ಯವಾಗಿ 45ರಿಂದ 55 ಕಿಲೊ ತೂಗುತ್ತದೆ. ಅದರ ಮೇಲೆ ನಿನ್ನ ಸಾಮಾನು, ನೀರಿನ ಕ್ಯಾನು, ಬುತ್ತಿ. ಹೋಗುವಾಗ ಹುರುಪಿರುತ್ತದೆ, ಎಳೆದುಬಿಡುತ್ತೀಯ. ಬಿಸಿಲು ಏರಿದ ಮೇಲೆ ಅದೇ ಕೆಸರಿನಲ್ಲಿ ವಾಪಸ್ ತರುವಾಗ ಪ್ರತಿ ಕಿಲೊನೂ ಗೊತ್ತಾಗುತ್ತದೆ. ಕಯಾಕ್ ಜೊತೆಗೆ ಎಳೆಯುವ ಗಾಲಿ ತರಿಸುವುದಾದರೆ ದಪ್ಪ, ಅಗಲ ಟೈರಿನದೇ ಬೇಕು. ಸಣ್ಣ ಗಟ್ಟಿ ಗಾಲಿ ಎರೆ ಮಣ್ಣಿನಲ್ಲಿ ಹೂತುಕೊಂಡು ನಿಲ್ಲುತ್ತದೆ.

ಉದ್ದದ ಮಾತೂ ಇದೇ. ಊರಿಂದ ಛೋಟಾ ಹಾಥಿಯಲ್ಲಿ, ಅದೇ ಟಾಟಾ ಏಸ್‌ನಲ್ಲಿ, ಹಾಕಿಕೊಂಡು ಬರುತ್ತೇನೆ ಅಂದೆ. ಸಾಮಾನು ಹಾಕುವ ಅದರ ಡಾಲಾ ಸುಮಾರು 7 ಅಡಿ. 12 ಅಡಿಯದು ತಂದರೆ 5 ಅಡಿ ಹಿಂದೆ ಚಾಚಿಕೊಂಡಿರುತ್ತದೆ. ಹುಮನಾಬಾದ್ ರಸ್ತೆಯ ಲಾರಿಗಳ ನಡುವೆ ಅದು ನನಗೆ ಸರಿ ಕಾಣುವುದಿಲ್ಲ. ಹತ್ತು, ಹತ್ತೂವರೆ ಅಡಿಯದು ಸಾಕು. ವೇಗ ಸ್ವಲ್ಪ ಕಡಿಮೆ, ಆದರೆ ಗಿಡಗಂಟಿಗಳ ನಡುವೆ ಬೇಗ ತಿರುಗುತ್ತದೆ. ಅಗಲ ಮಾತ್ರ ಕಡಿಮೆ ಮಾಡಬೇಡ. 33, 34 ಇಂಚು ಅಗಲ ಇದ್ದರೆ ಅಲುಗಾಟ ಕಡಿಮೆ, ಮೀನು ಎಳೆದಾಗ ಭಯ ಆಗುವುದಿಲ್ಲ.

ಈಗ ಡ್ರೈವ್. ನಿನ್ನ ಗೊಂದಲ ಇಲ್ಲೇ ಇರುವುದು, ಅಲ್ವಾ? ಮುಖ್ಯವಾಗಿ ಎರಡು ಜಾತಿ. ಒಂದು ರೆಕ್ಕೆಯದು. ಹೋಬಿ ಕಂಪನಿ 1997ರಲ್ಲಿ ಮಿರಾಜ್ ಡ್ರೈವ್ ಅಂತ ಇದನ್ನು ತಂದಿತು. ಕಾಲಿನಿಂದ ಒಂದಾದ ಮೇಲೊಂದು ಪೆಡಲ್ ಮುಂದಕ್ಕೆ ಒತ್ತಿದರೆ, ಕೆಳಗೆ ಎರಡು ರೆಕ್ಕೆಗಳು ಎಡಕ್ಕೂ ಬಲಕ್ಕೂ ಬೀಸುತ್ತವೆ. ಪೆಂಗ್ವಿನ್ ರೆಕ್ಕೆ ಬೀಸಿ ಈಜುವುದು ನೆನಪಾಗುತ್ತದೆ. ಇನ್ನೊಂದು ಪ್ರೊಪೆಲ್ಲರ್, ಅಂದರೆ ನೀರಿನಲ್ಲಿ ಸುತ್ತುವ ಪಂಖ, ಇರುವುದು. ನೇಟಿವ್, ಓಲ್ಡ್ ಟೌನ್ ಕಂಪನಿಗಳದು ಈ ಬಗೆ. ಸೈಕಲ್ ತುಳಿದ ಹಾಗೆ ತುಳಿಯುವುದು. ಉಲ್ಟಾ ತುಳಿದರೆ ಆ ಕ್ಷಣವೇ ಹಿಂದಕ್ಕೆ ಹೋಗುತ್ತದೆ. ಇದು ದೊಡ್ಡ ಅನುಕೂಲ. ಮುಳುಗಿದ ಜಾಲಿ ಗಿಡದ ಹತ್ತಿರ ಮೀನು ಸಿಕ್ಕಿತು ಅಂದುಕೋ, ಎರಡು ಕೈಯಲ್ಲೂ ರಾಡ್ ಹಿಡಿದುಕೊಂಡೇ ಕಾಲಿನಿಂದ ಹಿಂದೆ ಸರಿಯಬಹುದು. ಹಳೆಯ ರೆಕ್ಕೆ ಡ್ರೈವ್‌ನಲ್ಲಿ ಹಿಂದಕ್ಕೆ ಹೋಗುವುದೇ ಇಲ್ಲ. ಹೊಸದರಲ್ಲಿ ಹಗ್ಗ ಎಳೆದು ರೆಕ್ಕೆ ತಿರುಗಿಸಿದರೆ ಹೋಗುತ್ತದೆ. ಸೆಕೆಂಡ್ ಹ್ಯಾಂಡ್ ತಗೊಳ್ಳುವುದಾದರೆ ಇದನ್ನು ಖಂಡಿತ ಕೇಳು.

ಇಷ್ಟು ಓದಿದ ಮೇಲೆ ಪ್ರೊಪೆಲ್ಲರೇ ವಾಸಿ ಅನ್ನಿಸಬಹುದು. ಆದರೆ ನಿನಗೆ ಬೇಕಾಗಿರುವುದು ಕೊರಮೀನು, ಅದೇ ಮರಲ್. ಅದು ಇರುವುದು ಎಲ್ಲಿ? ನಡುನೀರಿನಲ್ಲಿ ಅಲ್ಲ. ದಂಡೆಯ ಹುಲ್ಲು, ಜೊಂಡು, ಅಂತರಗಂಗೆ ಇರುವ ಮೊಣಕಾಲುದ್ದ ನೀರಿನಲ್ಲಿ. ಪ್ರೊಪೆಲ್ಲರ್ ಡ್ರೈವ್ ಸುಮಾರು ಒಂದೂವರೆ ಅಡಿ ಕೆಳಗೆ ಇಳಿದಿರುತ್ತದೆ. ಅಂಥ ಕಡೆ ಕೆಸರಿಗೆ ತಾಗುತ್ತದೆ, ಜೊಂಡು ಸುತ್ತಿಕೊಳ್ಳುತ್ತದೆ. ಪ್ರತಿ ಸಲ ಡ್ರೈವ್ ಮೇಲೆತ್ತಿ ಬಿಡಿಸಬೇಕು. ಅಷ್ಟರಲ್ಲಿ ಮೀನು ಜಾಗ ಖಾಲಿ ಮಾಡಿರುತ್ತದೆ. ರೆಕ್ಕೆಯದಾದರೆ ಒಂದು ಪೆಡಲ್ ಪೂರ್ತಿ ಮುಂದಕ್ಕೆ ಒತ್ತಿದರೆ ಸಾಕು, ಎರಡೂ ರೆಕ್ಕೆ ಕಯಾಕಿನ ತಳಕ್ಕೆ ಅಂಟಿಕೊಳ್ಳುತ್ತವೆ. ಸದ್ದಿಲ್ಲದೆ ಹುಲ್ಲಿನ ಮೇಲೆ ತೇಲಿಹೋಗಬಹುದು. ಕೊರಮೀನಿಗೆ ಕಪ್ಪೆ ಲೂರ್, ಅಂದರೆ ಕಪ್ಪೆಯಂತಿರುವ ನಕಲಿ ಆಮಿಷ, ಎಸೆಯುವವನಿಗೆ ಇದಕ್ಕಿಂತ ಏನು ಬೇಕು? ಕಟ್ಲಕ್ಕೋ ರೋಹುಗೋ ಆಳದಲ್ಲಿ ಹಿಟ್ಟು ಹಾಕಿ ಕೂರುವವನಾಗಿದ್ದರೆ ಪ್ರೊಪೆಲ್ಲರ್ ತಗೋ ಅನ್ನುತ್ತಿದ್ದೆ.

ನಿನ್ನ ಮೊಣಕಾಲೂ ನೆನಪಿಗೆ ಬಂತು. ಪ್ರೊಪೆಲ್ಲರ್ ಡ್ರೈವ್‌ನಲ್ಲಿ ಮೊಣಕಾಲು ಮೇಲೆದ್ದು ಸುತ್ತು ಹಾಕಬೇಕು. ರೆಕ್ಕೆಯದರಲ್ಲಿ ಕಾಲು ಮುಂದೆ ಹಿಂದೆ ಅಷ್ಟೇ, ಚಿಕ್ಕದಾಗಿ ಒತ್ತಿದರೂ ಸಾಗುತ್ತದೆ. ಯಾವುದಾದರೂ ಸರಿ, ಸೀಟು ಸರಿಹೊಂದಿಸುವಾಗ ಕಾಲು ಪೂರ್ತಿ ಚಾಚಬಾರದು. ಮೊಣಕಾಲು ಸ್ವಲ್ಪ ಬಾಗಿರಬೇಕು.

ಬಲೆಗಳ ಬಗ್ಗೆ ಒಂದು ಮಾತು. ಮೀನುಗಾರರು ರಾತ್ರಿ ಹಾಕಿದ ಬಲೆಗಳು ಬೆಳಿಗ್ಗೆ ತನಕ ನೀರಿನಲ್ಲೇ ಇರುತ್ತವೆ. ಥರ್ಮೋಕೋಲ್ ತುಂಡು, ಖಾಲಿ ಬಾಟಲಿ ಸಾಲಾಗಿ ತೇಲುತ್ತಿದ್ದರೆ ಕೆಳಗೆ ಬಲೆ ಇದೆ ಅಂತಲೇ ಅರ್ಥ. ಸುತ್ತು ಹಾಕಿ ಹೋಗು. ಡ್ರೈವ್ ಸಿಕ್ಕಿಕೊಂಡು ಬಲೆ ಹರಿದರೆ ನಮ್ಮ ಒಂದು ಹೊತ್ತು ಹಾಳು, ಅವರ ಮನೆಯ ಸಂತೆ ಖರ್ಚೇ ಹೋಗುತ್ತದೆ. ಜಲಾಶಯದ ಮೀನಿನ ಹಕ್ಕು ಮೀನುಗಾರರ ಸಂಘಕ್ಕೋ ಗುತ್ತಿಗೆದಾರರಿಗೋ ಇರುತ್ತದೆ. ಮೀನುಗಾರಿಕೆ ಇಲಾಖೆಯಲ್ಲಿ, ನೀರಾವರಿ ಕಚೇರಿಯಲ್ಲಿ ಕೇಳಿ ಒಪ್ಪಿಗೆ ತಗೊಂಡೇ ನೀರಿಗೆ ಇಳಿ. ದಂಡೆಯಲ್ಲಿ ಹರಿಗೋಲಿನ ಕಾಕಾಗಳಿಗೆ ಮೊದಲು ನಮಸ್ಕಾರ ಹೇಳಿ, ಎಲ್ಲಿ ಹೋಗಬಹುದು ಅಂತ ಕೇಳು. ಮುಳುಗಿದ ಬಾವಿ, ಬಂಡೆ, ಗಿಡದ ಬೊಡ್ಡೆ ಎಲ್ಲಿವೆ ಅಂತ ಅವರಿಗೆ ಗೊತ್ತಿರುವಷ್ಟು ಯಾವ ಫಿಶ್ ಫೈಂಡರಿಗೂ ಗೊತ್ತಿರುವುದಿಲ್ಲ. ಇನ್ನೊಂದು, ಮಳೆಗಾಲದಲ್ಲಿ ಕೆಂಪಗಿನ ಮರಿಗಳ ಗುಂಪು ಕಂಡರೆ ಅಲ್ಲಿ ಗಾಳ ಎಸೆಯಬೇಡ. ಕೆಳಗೆ ತಾಯಿ, ತಂದೆ ಕೊರಮೀನು ಕಾವಲಿರುತ್ತವೆ. ಅವುಗಳನ್ನು ಹಿಡಿದರೆ ಮರಿಗಳು ಬೇರೆ ಮೀನಿನ ಪಾಲು.

ಗಾಳಿ ತುಂಬುವ ಕಯಾಕ್ ಹಗುರ, ಅಗ್ಗ ಅಂದೆ. ಹಗುರ ಹೌದು. ಆದರೆ ನಮ್ಮ ದಂಡೆ ತುಂಬಾ ಬಳ್ಳಾರಿ ಜಾಲಿ. ಆ ಮುಳ್ಳು ಚಪ್ಪಲಿಯನ್ನೇ ದಾಟಿ ಬರುತ್ತದೆ. ಗಟ್ಟಿ ಪಾಲಿಥೀನ್‌ನದೇ ತಗೋ, ತಿಳಿ ಬಣ್ಣದ್ದು. ನಮ್ಮ ಮೇ ತಿಂಗಳ ಬಿಸಿಲಿಗೆ ಬಿಟ್ಟರೆ ಪಾಲಿಥೀನ್ ಮೆತ್ತಗಾಗಿ, ಕಟ್ಟಿದ ಕಡೆ ತಗ್ಗು ಬೀಳುತ್ತದೆ. ನೆರಳಲ್ಲಿ ಇಡು, ಹಗ್ಗ ಜಾಸ್ತಿ ಬಿಗಿಯಬೇಡ.

ಕಾರಂಜಾ ಬಿಟ್ಟು ಬೇರೆ ಕಡೆಯ ಮಾತೂ ಎತ್ತಿದ್ದೆ. ಕೃಷ್ಣೆಯ ಮೇಲಿನ ನಾರಾಯಣಪುರದ ಬಸವ ಸಾಗರ ಜಲಾಶಯ ಸದ್ಯಕ್ಕೆ ಬೇಡ. ಕೃಷ್ಣೆಯಲ್ಲಿ ಮೊಸಳೆಗಳಿವೆ. ಕಲಿಯುವವರು ಇಳಿಯುವ ನೀರಲ್ಲ ಅದು. ಭೀಮೆಯ ಹರಿವಿಗೂ ಬೇಡ. ಮೇಲೆ ಮಹಾರಾಷ್ಟ್ರದ ಉಜನಿ ಅಣೆಕಟ್ಟೆಯಿಂದ ನೀರು ಬಿಟ್ಟರೆ ಇಲ್ಲಿ ಮಳೆ ಇಲ್ಲದಿದ್ದರೂ ಹೊಳೆ ಏರುತ್ತದೆ. 2020ರ ಅಕ್ಟೋಬರ್ ನೆರೆಯನ್ನು ನೀನೇ ಕಂಡಿದ್ದೀಯ. ಚಂದ್ರಂಪಳ್ಳಿ ಜಲಾಶಯ ಇರುವುದು ಚಿಂಚೋಳಿ ವನ್ಯಜೀವಿಧಾಮದಲ್ಲಿ. ಅಲ್ಲಿಗೆ ಹೋದರೆ ಗಾಳ ಮನೆಯಲ್ಲೇ ಬಿಟ್ಟು ಹೋಗು.

ಲೈಫ್ ಜಾಕೆಟ್ ವಿಷಯದಲ್ಲಿ ನಾನು ಯಾರ ಮಾತೂ ಕೇಳುವುದಿಲ್ಲ. ಹಾಕಿಕೊಂಡೇ ಕೂರಬೇಕು, ಹಿಂದೆ ಕಟ್ಟಿಡುವುದಲ್ಲ. ಬೆನ್ನಿನ ಕೆಳಭಾಗ ತೆಳ್ಳಗೆ ಇರುವುದು ಕೊಂಡುಕೋ, ಸೀಟಿಗೆ ಒರಗಲು ಆಗುತ್ತದೆ. ಡ್ರೈವ್ ಕೈಕೊಟ್ಟರೆ ಬರಲು ಹುಟ್ಟು ಜೊತೆಗಿರಲಿ. ಡ್ರೈವಿಗೆ, ರಾಡಿಗೆ ಹಗ್ಗ ಕಟ್ಟಿರಲಿ. ಮೊದಲ ದಿನ ಮೀನಿನ ಆಸೆ ಬಿಟ್ಟು, ಎದೆಮಟ್ಟದ ನೀರಿನಲ್ಲಿ ಬೇಕೆಂತಲೇ ಮಗುಚಿ, ಕಯಾಕ್ ನೇರ ಮಾಡಿ ಮತ್ತೆ ಹತ್ತುವುದನ್ನು ಕಲಿಯೋಣ. ಅಗಲದ ಕಯಾಕ್ ಒಮ್ಮೆ ಬೋರಲಾದರೆ ತಿರುಗಿಸುವುದು ಕಷ್ಟ. ಆಚೆ ಬದಿಯ ಹಿಡಿಗೆ ಒಂದು ಹಗ್ಗ ಕಟ್ಟಿದ್ದರೆ ಅದನ್ನು ಎಳೆದು ತಿರುಗಿಸಬಹುದು. ನಾನು ಪಕ್ಕದಲ್ಲೇ ಇರುತ್ತೇನೆ.

ಮುಂಗಡ ಕೊಡುವ ಮೊದಲು ಮಾರುವವರಿಗೆ ಮೂರು ಪ್ರಶ್ನೆ ಕೇಳು. ಸೀಟು, ಡ್ರೈವ್ ಸೇರಿ ತೂಕ ಎಷ್ಟು? ರೆಕ್ಕೆ, ಚೈನು, ಕೇಬಲ್ ಬಿಡಿಯಾಗಿ ಸಿಗುತ್ತವಾ, ಎಷ್ಟು ದಿನದಲ್ಲಿ? ಚುಕ್ಕಾಣಿಯ ಹಿಡಿ ಎಡಕ್ಕೋ ಬಲಕ್ಕೋ? ನೀನು ಎಡಗೈಯವನು. ಹಿಡಿ ಎಡಕ್ಕೇ ಇದ್ದರೆ ರಾಡ್ ಹಿಡಿದ ಕೈಯನ್ನೇ ಪದೇ ಪದೇ ತೆಗೆಯಬೇಕಾಗುತ್ತದೆ. ಅವರು ಏನಂದರು ಅಂತ ತಿಳಿಸು. ಭಾನುವಾರ ಸಾಯಂಕಾಲ ಫೋನ್ ಮಾಡುತ್ತೇನೆ. ವೈನಿಯವರಿಗೆ ನಮಸ್ಕಾರ ಹೇಳು.

ನಿನ್ನ ದೋಸ್ತ,
ಬೀದರ್