ಹದಿಮೂರು ಜನರ ಪದ್ಯ

ತಮ್ಮಾ,

ನಿನ್ನ ಹಸ್ತಪ್ರತಿಯ ಕಟ್ಟು ಬಂದು ಮೂರು ವಾರ ಆಯಿತು. ನಾನು ಉತ್ತರ ಬರೆಯಲಿಲ್ಲ ಅಂತ ಬೇಸರ ಮಾಡಿಕೊಂಡು ಮೆಸೇಜ್ ಹಾಕಿದ್ದೀಯ, ‘ಮೇಡಂ, ಓದೋಕೆ ಆಗದಿದ್ದರೆ ಪರವಾಗಿಲ್ಲ, ಹರಿದು ಹಾಕಿಬಿಡಿ’ ಅಂತ. ಮೊದಲು ಆ ಮೇಡಂ ಬಿಡು, ಅಕ್ಕ ಅನ್ನು ಸಾಕು. ಇನ್ನು, ಹರಿಯೋ ಕೆಲಸವನ್ನು ಬೇರೆಯವರ ಕೈಗೆ ಕೊಡಬೇಡ. ಹರಿಯಬೇಕು ಅನ್ನಿಸಿದರೆ ನೀನೇ ಹರಿ. ನಾನು ಓದಿದ್ದೇನೆ. ಎರಡು ಸಲ ಓದಿದೆ. ಎರಡನೇ ಸಲ ಸಿಟ್ಟು ಬಂತು.

ಅಧ್ಯಾಯ ಎಷ್ಟು ಉದ್ದ ಇರಬೇಕು, ಯಾವ ಪ್ರಕಾಶಕರಿಗೆ ಕಳಿಸಲಿ, ಮುನ್ನುಡಿ ಯಾರ ಹತ್ತಿರ ಬರೆಸಲಿ ಅಂತೆಲ್ಲ ಕೇಳಿದ್ದೀಯ. ಅದನ್ನು ಯಾರನ್ನು ಕೇಳಿದರೂ ಹೇಳುತ್ತಾರೆ. ಬಿಡು.

ನಿನ್ನ ಕಾದಂಬರಿ ಶುರುವಾಗೋದು 2022ರ ಫೆಬ್ರವರಿ 24ರ ಬೆಳಗಿನ ಜಾವ, ಉಕ್ರೇನಿನ ಖಾರ್ಕಿವ್‌ನಲ್ಲಿ. ಬಾಂಬಿನ ಸದ್ದು, ನಡುಗುವ ಕಿಟಕಿ, ಮಗುವನ್ನು ಅಪ್ಪಿಕೊಂಡ ತಾಯಿ. ಮೊದಲ ಪುಟದಲ್ಲೇ ತಾಯಿ ಅಳುತ್ತಾಳೆ. ಮೂರನೇ ಪುಟದಲ್ಲಿ ಪಕ್ಕದ ಮನೆಯ ಮುದುಕ ಅಳುತ್ತಾನೆ. 40ನೇ ಪುಟಕ್ಕೆ ಬರುವಾಗ ರಷ್ಯಾದ ಸೈನಿಕನೂ ಅಳುತ್ತಾನೆ. ಪೆನ್ಸಿಲ್ ಹಿಡಿದು ಲೆಕ್ಕ ಹಾಕಿದೆ. 112 ಪುಟದಲ್ಲಿ 31 ಸಲ ಅಳು. ಅಷ್ಟೊಂದು ಅಳೋಕೆ ಅವರಿಗೆ ಪುರುಸೊತ್ತು ಎಲ್ಲಿತ್ತು ಮಾರಾಯ?

ಆ ಮೊದಲ ದಿನಗಳಲ್ಲಿ ಜನ ಏನೇನು ಮಾಡಿದರು, ನೀನೂ ನೋಡಿದ್ದೀಯಲ್ಲ. ಕೀವ್‌ನಲ್ಲಿ ಹಾಸಿಗೆ, ಬೆಕ್ಕು, ನಾಯಿ ಎತ್ತಿಕೊಂಡು ಮೆಟ್ರೊ ಸ್ಟೇಷನ್‌ಗಳಿಗೆ ಇಳಿದರು. ದ್ನಿಪ್ರೊ ಊರಿನ ಪಾರ್ಕಿನಲ್ಲಿ ಹೆಂಗಸರು ಹುಲ್ಲಿನ ಮೇಲೆ ಕೂತು ಥರ್ಮಾಕೋಲ್ ತುರಿದರು, ಪೆಟ್ರೋಲ್ ಬಾಂಬ್ ಮಾಡೋಕೆ. ಪಕ್ಕದಲ್ಲಿ ಖಾಲಿ ಬಾಟಲಿಗಳ ಸಾಲು. ರಷ್ಯಾದವರಿಗೆ ದಾರಿ ತಪ್ಪಲಿ ಅಂತ ರಸ್ತೆ ಇಲಾಖೆಯೇ ಊರಿನ ಹೆಸರಿನ ಬೋರ್ಡುಗಳನ್ನು ಕೀಳಿ ಅಂತ ಜನರಿಗೆ ಹೇಳಿತು. ಒಡೆಸ್ಸಾದಲ್ಲಿ ಬೀಚಿನ ಮರಳನ್ನು ಚೀಲಕ್ಕೆ ತುಂಬಿದರು. 18ರಿಂದ 60 ವರ್ಷದ ಗಂಡಸರು ದೇಶ ಬಿಡೋ ಹಾಗಿಲ್ಲ ಅಂತ ಆದೇಶ ಬಂದಿತ್ತು. ಹಾಗಾಗಿ ಎಷ್ಟೋ ಗಂಡಸರು ಹೆಂಡತಿ ಮಕ್ಕಳನ್ನು ಗಡಿ ತನಕ ಬಿಟ್ಟು ವಾಪಸ್ ಬಂದರು. ಆ ವಾಪಸ್ ದಾರಿಯಲ್ಲಿ ಕಾರಿನಲ್ಲಿ ಏನೇನು ಉಳಿದಿತ್ತು? ಮಗುವಿನ ಒಂದು ಶೂ? ಅರ್ಧ ತಿಂದ ಬಿಸ್ಕತ್ತಿನ ಪೊಟ್ಟಣ? ನಿನ್ನ ಕಾದಂಬರಿಯಲ್ಲಿ ಗಡಿಗೆ ಹೋಗೋ ದಾರಿ ಒಂಬತ್ತು ಪುಟ ಇದೆ. ವಾಪಸ್ ಬರೋ ದಾರಿ ಒಂದು ಸಾಲೂ ಇಲ್ಲ.

ಇನ್ನು ಆ ಸೂರ್ಯಕಾಂತಿ ಬೀಜದ ಹೆಂಗಸು. ಉಕ್ರೇನಿನ ಹೆನಿಚೆಸ್ಕ್ ಊರಿನಲ್ಲಿ ಬಂದೂಕು ಹಿಡಿದು ನಿಂತ ರಷ್ಯಾದ ಸೈನಿಕನ ಹತ್ತಿರ ಹೋಗಿ, ಈ ಬೀಜ ಜೇಬಿಗೆ ಹಾಕ್ಕೋ, ನೀನಿಲ್ಲಿ ಸತ್ತ ಮೇಲೆ ಹೂವಾದರೂ ಬೆಳೆಯಲಿ ಅಂದವಳು. ಅವಳನ್ನು ನಿನ್ನ ಕಾದಂಬರಿಗೆ ಕರೆದುಕೊಂಡು ಬಂದಿದ್ದೀಯ, ಸಂತೋಷ. ಆದರೆ ಅಲ್ಲಿ ಅವಳು ಸೆರಗಿನಲ್ಲಿ ಕಣ್ಣು ಒರೆಸಿಕೊಂಡು ಆ ಮಾತು ಹೇಳುತ್ತಾಳೆ. ಹೆನಿಚೆಸ್ಕ್‌ನಲ್ಲಿ ಸೆರಗು! ಹೋಗಲಿ. ಆ ವಿಡಿಯೊ ಇನ್ನೊಂದು ಸಲ ನೋಡು. ಅವಳು ಜಗಳ ಆಡುತ್ತಿದ್ದಾಳೆ ಕಣೋ. ನೀನ್ಯಾರು, ನಮ್ಮ ನೆಲದಲ್ಲಿ ನಿನಗೇನು ಕೆಲಸ ಅಂತ ಬಯ್ಯುತ್ತಿದ್ದಾಳೆ. ನೀನು ಅವಳ ಜಗಳ ಕಿತ್ತುಕೊಂಡು ಕೈಗೊಂದು ಕರ್ಚೀಫ್ ಕೊಟ್ಟಿದ್ದೀಯ.

ರಷ್ಯಾದ ಕಡೆಯ ಅಧ್ಯಾಯ ಇನ್ನೂ ಕಷ್ಟ. ಅಲ್ಲಿ ನಿನಗೆ ಎರಡೇ ಜಾತಿಯ ಜನ ಸಿಕ್ಕಿದ್ದಾರೆ, ರಾಕ್ಷಸರು ಮತ್ತು ಹುತಾತ್ಮರು. ಬೀದಿಗೆ ಇಳಿದವರು ಇದ್ದರು, ನಿಜ. ಮೊದಲ ದಿನವೇ ಹತ್ತಾರು ಊರುಗಳಲ್ಲಿ 1,700ಕ್ಕೂ ಹೆಚ್ಚು ಜನರನ್ನು ಪೊಲೀಸರು ಹಿಡಿದರು. ಮಾರ್ಚ್ 4ಕ್ಕೆ ಕಾನೂನೇ ಬಂತು, ಸೇನೆಯ ಬಗ್ಗೆ ‘ಸುಳ್ಳು ಸುದ್ದಿ’ ಹಬ್ಬಿಸಿದರೆ 15 ವರ್ಷದ ತನಕ ಜೈಲು. ಯುದ್ಧವನ್ನು ಯುದ್ಧ ಅನ್ನೋಕೂ ಹೆದರೋ ಹಾಗಾಯಿತು. ನಿಜ್ನಿ ನೊವ್‌ಗೊರೊದ್‌ನಲ್ಲಿ ಒಬ್ಬ ಹೆಂಗಸು ಏನೂ ಬರೆಯದ ಬಿಳಿ ಹಾಳೆ ಹಿಡಿದು ನಿಂತಳು. ಅವಳನ್ನೂ ಎಳೆದುಕೊಂಡು ಹೋದರು. ಇದೆಲ್ಲ ನಿನ್ನಲ್ಲಿ ಇದೆ, ಚೆನ್ನಾಗಿಯೂ ಇದೆ.

ಆದರೆ ಕ್ಯೂ ಎಲ್ಲಿ? ಮಾರ್ಚ್ 3ರಂದು ಮೇಜು ಕಪಾಟು ಮಾರೋ ಐಕಿಯಾ ಕಂಪನಿ ರಷ್ಯಾದ ಅಂಗಡಿಗಳನ್ನು ಮುಚ್ಚುತ್ತೇನೆ ಅಂತ ಹೇಳಿದ ಕೂಡಲೇ ಜನ ಓಡಿ ಬಂದು ಸಾಲು ನಿಂತರು. ಅದಕ್ಕೂ ಮುಂಚೆ ಎಟಿಎಂಗಳ ಮುಂದೆ ನಿಂತಿದ್ದರು, ರೂಬಲ್ ಬೀಳುತ್ತಿತ್ತು. ಪಕ್ಕದ ದೇಶದ ಮೇಲೆ ಕ್ಷಿಪಣಿ ಬೀಳುವಾಗ ಇವರು ಕಪಾಟು ಕೊಳ್ಳೋಕೆ ನಿಂತಿದ್ದರು. ಆ ಸಾಲಿನಲ್ಲಿ ನಿಂತವಳೊಬ್ಬಳು ನನಗೆ ಬೇಕು. ಅವಳನ್ನು ಗೇಲಿ ಮಾಡಬೇಡ. ಅವಳಿಗೆ ಕೀವ್‌ನಲ್ಲಿ ತಂಗಿ ಇರಬಹುದು, ಬೆಳಗ್ಗೆ ಫೋನಿನಲ್ಲಿ ಇಬ್ಬರೂ ಕೂಗಾಡಿ ಇಟ್ಟಿರಬಹುದು. ಆಮೇಲೂ ಅವಳು ಬಂದು ಟ್ರಾಲಿ ಹಿಡಿದು ನಿಂತಿದ್ದಾಳೆ.

ಇಷ್ಟು ಬಯ್ಯೋಕೆ ನನಗೆ ಯೋಗ್ಯತೆ ಇದೆಯಾ ಅಂತ ನೀನು ಕೇಳಬೇಕು. ಕೇಳದಿದ್ದರೂ ಹೇಳುತ್ತೇನೆ.

ಆಕ್ರಮಣದ ಮೊದಲ ದಿನವೇ ಕಪ್ಪು ಸಮುದ್ರದ ಸ್ನೇಕ್ ಐಲ್ಯಾಂಡ್‌ನ ಸುದ್ದಿ ಬಂತು, ನೆನಪಿದೆಯಾ? ಪುಟ್ಟ ದ್ವೀಪ. ರಷ್ಯಾದ ಯುದ್ಧನೌಕೆ ಶರಣಾಗಿ ಅಂದಿತು. ಕಾವಲಿಗಿದ್ದ ಉಕ್ರೇನಿನವರು ಕೆಟ್ಟ ಬೈಗುಳವೊಂದನ್ನು ವಾಪಸ್ ಕಳಿಸಿದರು. 13 ಜನರೂ ಸತ್ತರು ಅಂತ ಸುದ್ದಿ. ಅಧ್ಯಕ್ಷ ಝೆಲೆನ್‌ಸ್ಕಿಯೇ ಹಾಗೆ ಹೇಳಿದರು, ಮರಣೋತ್ತರ ಗೌರವ ಕೊಡುತ್ತೇವೆ ಅಂದರು. ನಾನು ಶುಕ್ರವಾರ ರಾತ್ರಿ ಒಂದೇ ಉಸಿರಿಗೆ ಪದ್ಯ ಬರೆದೆ. 13 ದೀಪಗಳು ಕಡಲಿಗೆ ಬಿದ್ದರೂ ಆರಲಿಲ್ಲ, ಆ ಥರ. ಬೈಗುಳವನ್ನು ಮಾತ್ರ ಪದ್ಯದಲ್ಲಿ ಸೇರಿಸಲಿಲ್ಲ, ನಾಚಿಕೆ ಆಯಿತು. ಭಾನುವಾರ ಪುರವಣಿಯಲ್ಲಿ ಅಚ್ಚಾಯಿತು. ದಿನವಿಡೀ ಫೋನು. ಹತ್ತು ವರ್ಷ ಮಾತು ಬಿಟ್ಟಿದ್ದವರೂ ಮಾಡಿದರು.

ಸೋಮವಾರ, 28ನೇ ತಾರೀಕು, ಉಕ್ರೇನಿನ ನೌಕಾಪಡೆಯೇ ಹೇಳಿತು, ಅವರು ಬದುಕಿದ್ದಾರೆ, ಸೆರೆಯಲ್ಲಿದ್ದಾರೆ ಅಂತ.

ಅದನ್ನು ಓದಿದಾಗ ನನಗೆ ಮೊದಲು ಬಂದದ್ದು ಸಂತೋಷ ಅಲ್ಲ. ‘ಅಯ್ಯೋ, ಪದ್ಯ ಹೋಯಿತಲ್ಲ’ ಅಂತ. ಕೈಯಲ್ಲಿ ಪತ್ರಿಕೆ ಇತ್ತು, ಪದ್ಯದ ಮೇಲೆ ಅವರು ಹಾಕಿದ್ದ ಕಡಲಿನ ಚಿತ್ರ ಇತ್ತು. 13 ಮನೆಯವರು ಎಲ್ಲೋ ಕೂತು ಉಸಿರು ಬಿಟ್ಟಿರಬೇಕು. ನಾನು ಇಲ್ಲಿ ಕೂತು ಪೆಚ್ಚಾದೆ. ಈ ಮಾತನ್ನು ಇದುವರೆಗೆ ಯಾರಿಗೂ ಹೇಳಿಲ್ಲ.

ಆಮೇಲಿನದು ಇನ್ನೂ ಹೊಲಸು. ಸಂಕಲನಕ್ಕೆ ಸೇರಿಸುವಾಗ ತಿದ್ದಬೇಕು ಅನ್ನಿಸಿತು, ಇಲ್ಲ ತೆಗೆದುಹಾಕಬೇಕು ಅನ್ನಿಸಿತು. ಹಿರಿಯರೊಬ್ಬರನ್ನು ಕೇಳಿದೆ. ‘ಸುದ್ದಿಯ ಸತ್ಯ ಬೇರೆ, ಕಾವ್ಯದ ಸತ್ಯ ಬೇರೆ, ಸುಮ್ನೆ ಇರಮ್ಮಾ’ ಅಂದರು. ಅವರ ಮೇಲೆ ಇವತ್ತಿಗೂ ಸಿಟ್ಟಿದೆ. ನನಗೆ ಏನು ಕೇಳಬೇಕಿತ್ತೋ ಅದನ್ನೇ ಹೇಳಿದರಲ್ಲ, ಅದಕ್ಕೆ. ಪದ್ಯ ಹಾಗೆಯೇ ಹೋಯಿತು. ಮುಂದಿನ ವರ್ಷ ಒಂದು ಸಭೆಯಲ್ಲಿ ಒಬ್ಬ ಹುಡುಗಿ ಅದನ್ನು ರಾಗ ಹಾಕಿ ಹಾಡಿದಳು. ನಾನು ವೇದಿಕೆ ಮೇಲೆ ಶಾಲು ಹೊದ್ದು ಕೂತಿದ್ದೆ. ಕೊನೆಯ ಚರಣಕ್ಕೆ ಜನ ಎದ್ದು ನಿಂತರು. ನಾನೂ ನಿಂತೆ. ಅಷ್ಟು ಹೊತ್ತಿಗೆ ಆ ಕಾವಲಿನವರಲ್ಲಿ ಕೆಲವರು ಕೈದಿಗಳ ವಿನಿಮಯದಲ್ಲಿ ಬಿಡುಗಡೆಯಾಗಿ ಮನೆ ಸೇರಿದ್ದರು.

ಹಾಡು ತುಂಬಾ ಚೆನ್ನಾಗಿತ್ತು, ಅದೊಂದು ಹೇಳಬೇಕು.

‘ಕೀವ್‌ನ ಭೂತ’ದ ಕಥೆಯೂ ಹಾಗೇ ಆಯಿತು. ಒಬ್ಬನೇ ಪೈಲಟ್ ರಷ್ಯಾದ ಆರು ವಿಮಾನ ಉರುಳಿಸಿದ ಅಂತ ಬಂದ ವಿಡಿಯೊವನ್ನು ನಾನೂ ನಾಲ್ಕು ಗುಂಪಿಗೆ ಕಳಿಸಿದೆ. ಮೊಮ್ಮಗ ನೋಡಿ, ‘ಅಜ್ಜಿ, ಇದು ಗೇಮು’ ಅಂದ. ನಿಜ, ಕಂಪ್ಯೂಟರ್ ಗೇಮಿನ ದೃಶ್ಯ ಅದು. ಎರಡು ತಿಂಗಳ ನಂತರ ಉಕ್ರೇನಿನ ವಾಯುಪಡೆಯೂ ಅದು ಜನರೇ ಕಟ್ಟಿದ ವೀರನ ಕಥೆ ಅಂತ ಒಪ್ಪಿಕೊಂಡಿತು. ಬಾಂಬಿನ ಕೆಳಗೆ ಕೂತವರಿಗೆ ಅಂಥ ಕಥೆ ಬೇಕಿತ್ತು, ಅದು ನನಗೆ ಅರ್ಥವಾಗುತ್ತದೆ. ಸೋಫಾ ಮೇಲೆ ಕೂತ ನನಗೆ ಯಾಕೆ ಬೇಕಿತ್ತು?

ಈಗ ನಿನ್ನ ವಿಷಯ. ನಿನ್ನ ಗೆಳೆಯ ಯಾರೋ, ‘ಅಲ್ಲಿಗೆ ಹೋಗದೆ ಅಲ್ಲಿನ ಕಥೆ ಬರೆಯೋಕೆ ನಿನಗೇನು ಹಕ್ಕು’ ಅಂದನಂತೆ. ಅದಕ್ಕೆ ಊಟ ಬಿಟ್ಟೆಯಂತೆ. ಹೋಗದೆ ಬರೆದದ್ದು ತಪ್ಪಲ್ಲ ತಮ್ಮಾ. ಇಲ್ಲಿದ್ದುಕೊಂಡು ನೀನು ಏನು ಮಾಡಿದೆ ಅನ್ನೋದನ್ನು ಬಚ್ಚಿಟ್ಟಿದ್ದೀಯ, ತಪ್ಪು ಅಲ್ಲಿದೆ.

ಕಟ್ಟಿನ ಮೇಲೆ ಎರಡು ಪುಟದ ಪತ್ರ ಇಟ್ಟಿದ್ದೆಯಲ್ಲ, ನೀಲಿ ಇಂಕಿನದು. ಅದರಲ್ಲಿ ಬರೆದಿದ್ದೀಯ: ನಿನ್ನ ಅತ್ತೆ ಮಗಳು ಆಗ ಖಾರ್ಕಿವ್‌ನಲ್ಲಿ ಮೆಡಿಕಲ್ ಓದುತ್ತಿದ್ದಳು. ಮಾರ್ಚ್ 2ರಂದು ನಮ್ಮ ರಾಯಭಾರ ಕಚೇರಿ, ಎಲ್ಲರೂ ತಕ್ಷಣ ಊರು ಬಿಡಿ, ಗಾಡಿ ಸಿಗದಿದ್ದರೆ ನಡೆದೇ ಹೋಗಿ, ಸಂಜೆ 6ರ ಒಳಗೆ ಹತ್ತಿರದ ಪಿಸೋಚಿನ್, ಬಾಬಯಿ, ಇಲ್ಲ ಬೆಜ್‌ಲ್ಯುದೊವ್ಕಾ ಊರು ಸೇರಿಕೊಳ್ಳಿ ಅಂತ ಹೇಳಿತು. ಅವಳು ಪಿಸೋಚಿನ್‌ಗೆ ನಡೆದಳು, 11 ಕಿಲೋಮೀಟರ್. ಇಲ್ಲಿ ನಿಮ್ಮಪ್ಪ ಟಿವಿ ನೋಡುತ್ತಾ, ‘ಅಷ್ಟು ದೂರ ಹೋಗಿ ಓದು ಅಂದವರು ಯಾರು’ ಅಂದರು. ನೀನು ಏನೂ ಹೇಳಲಿಲ್ಲ. ಮನೆಯವರ ಗುಂಪಿನಲ್ಲಿ ಮೆಸೇಜ್ ಜಾಸ್ತಿಯಾಯಿತು ಅಂತ ಫೋನನ್ನು ಸೈಲೆಂಟ್‌ಗೆ ಹಾಕಿದೆ. ಬೆಳಗ್ಗೆ ನೋಡಿದರೆ ಅವಳದೊಂದು ಸಾಲು: ‘ಕಾಲು ಊದಿದೆ, ತಲುಪಿದ್ವಿ.’

ಅದರ ಕೆಳಗೆ ನೀನು ಬರೆದಿದ್ದೀಯ, ‘ಮೇಡಂ, ಅವತ್ತು ರಾತ್ರಿ ನನಗೆ ಚೆನ್ನಾಗಿ ನಿದ್ದೆ ಬಂತು. ಅದನ್ನು ಅವಳಿಗೆ ಇನ್ನೂ ಹೇಳಿಲ್ಲ.’

ಇದು ಕಾದಂಬರಿಯಲ್ಲಿ ಎಲ್ಲಿದೆ? ಅತ್ತೆ ಮಗಳು ಇಲ್ಲ, ಅಪ್ಪ ಇಲ್ಲ, ಸೈಲೆಂಟ್ ಮಾಡಿದ ಫೋನ್ ಇಲ್ಲ. ಆ ದಿನಗಳಲ್ಲಿ ನಿಮ್ಮಪ್ಪನ ಮಾತನ್ನು ಎಷ್ಟು ಮನೆಗಳಲ್ಲಿ ಆಡಿದರು ಗೊತ್ತಾ? ನನ್ನ ಮನೆಯಲ್ಲೂ ಆಡಿದರು. ಯಾರೂ ಬರೆಯಲಿಲ್ಲ. ನಾನಂತೂ ಕಡಲಿಗೆ ದೀಪ ಬಿಡುವುದರಲ್ಲಿ ಇದ್ದೆ. ನಿನ್ನ ಆ ಸಾಲನ್ನು ಮೂರು ವಾರದಿಂದ ಮತ್ತೆ ಮತ್ತೆ ಓದುತ್ತಿದ್ದೇನೆ. ಉತ್ತರ ತಡವಾದದ್ದು ಅದಕ್ಕೇ.

ನಿನ್ನ ಕಟ್ಟು ವಾಪಸ್ ಕಳಿಸುತ್ತಿದ್ದೇನೆ. ನೀಲಿ ಇಂಕಿನ ಪತ್ರದ ಝೆರಾಕ್ಸ್ ಮೇಲಿಟ್ಟಿದ್ದೇನೆ, ಮೂಲ ಪ್ರತಿ ನನ್ನ ಹತ್ತಿರ ಇರಲಿ. ಬರೆಯೋಕೆ ಕೂರುವ ಮುಂಚೆ ಅತ್ತೆ ಮಗಳಿಗೆ ಒಂದು ಫೋನ್ ಮಾಡು. ಬಯ್ದರೆ ಬಯ್ಯಿಸಿಕೋ. ಮತ್ತೆ ಊಟ ಬಿಡಬೇಡ, ಆ ನಾಟಕ ನನಗೆ ಹಿಡಿಸುವುದಿಲ್ಲ.

ಜೊತೆಗೆ ನನ್ನ ಆ ಪದ್ಯವೂ ಇದೆ, ಪುರವಣಿಯ ತುಣುಕು. ಪೆನ್ಸಿಲ್ ಹಿಡಿದು ಓದು, ಎಲ್ಲೆಲ್ಲಿ ಸುಳ್ಳು ಅನ್ನಿಸುತ್ತದೋ ಅಲ್ಲಿ ಗೆರೆ ಎಳೆ. ದಾಕ್ಷಿಣ್ಯ ಬೇಡ. ಸ್ಟಾಂಪ್ ಹಚ್ಚಿದ ಕವರ್ ಒಳಗೇ ಇಟ್ಟಿದ್ದೇನೆ, ಅದರಲ್ಲಿ ಕಳಿಸು.

ನಿನ್ನ ಅಕ್ಕ