ಬೆಲೆ ಏರುತ್ತದೆಂದು ಹೆದರಿ ಗ್ರಾಫಿಕ್ಸ್ ಕಾರ್ಡ್ ಕೊಳ್ಳಬೇಡಿ

ಸಂಪಾದಕರೇ,

ಕಂಪ್ಯೂಟರ್ ಬಿಡಿಭಾಗಗಳ ಬೆಲೆ ಏರಿದ ಸುದ್ದಿ ಬಂದಾಗಲೆಲ್ಲ ಅದರ ಹಿಂದೆಯೇ ಒಂದು ಮಾತು ಬರುತ್ತದೆ. "ಈಗಲೇ ತಗೊಂಡುಬಿಡಿ, ಮುಂದಿನ ತಿಂಗಳು ಇನ್ನೂ ಜಾಸ್ತಿ ಆಗುತ್ತೆ." ಈ ಹೆದರಿಕೆಗೆ ಬಿದ್ದು, ಚೆನ್ನಾಗಿ ನಡೆಯುತ್ತಿರುವ ಗ್ರಾಫಿಕ್ಸ್ ಕಾರ್ಡ್ (ಗೇಮ್, ವಿಡಿಯೊಗಳ ಚಿತ್ರ ಮೂಡಿಸುವ ಬಿಡಿಭಾಗ) ತೆಗೆದಿಟ್ಟು, ಇಎಂಐ ಮೇಲೆ ಹೊಸದನ್ನು ತರುವ ವಿದ್ಯಾರ್ಥಿಗಳನ್ನು ನೋಡಿದರೆ ಸಂಕಟ ಆಗುತ್ತದೆ. ಅವರಿಗಾಗಿಯೇ ಈ ಪತ್ರ.

ಬೆಲೆ ಏರಿರುವುದು ನಿಜ. ಜಗತ್ತಿನ ಮೆಮೊರಿ ಚಿಪ್‌ಗಳಲ್ಲಿ ಹೆಚ್ಚಿನ ಪಾಲು ಸ್ಯಾಮ್‌ಸಂಗ್, ಎಸ್‌ಕೆ ಹೈನಿಕ್ಸ್, ಮೈಕ್ರಾನ್ ಎಂಬ ಮೂರೇ ಕಂಪನಿಗಳದ್ದು. ಎಐ ಡೇಟಾ ಸೆಂಟರ್‌ಗಳಿಗೆ ಮಾರಿದರೆ ಲಾಭ ಜಾಸ್ತಿ, ಹಾಗಾಗಿ ಮೂವರೂ ಅತ್ತ ತಿರುಗಿದ್ದಾರೆ. 2025ರ ಡಿಸೆಂಬರ್‌ನಲ್ಲಿ ಮೈಕ್ರಾನ್ ಕಂಪನಿಯು ಕ್ರೂಶಿಯಲ್ ಹೆಸರಿನಲ್ಲಿ ನಮ್ಮಂಥವರಿಗೆ ರ್‍ಯಾಮ್, ಎಸ್ಎಸ್‌ಡಿ ಮಾರುವುದನ್ನೇ ನಿಲ್ಲಿಸುವುದಾಗಿ ಹೇಳಿತು. ಗ್ರಾಫಿಕ್ಸ್ ಕಾರ್ಡಿನ ಮೆಮೊರಿ ಬರುವುದೂ ಈ ಮೂವರಿಂದಲೇ. ಅದೇ ತಿಂಗಳು ಡಾಲರ್ 90 ರೂಪಾಯಿ ದಾಟಿತು, ಮೇಲೆ ಶೇ 18 ಜಿಎಸ್‌ಟಿ ಬೇರೆ.

ಹಾಗಾದರೆ ಬೆಲೆ ಇಳಿಯುವವರೆಗೆ ಕಾಯೋಣ ಅನ್ನುವವರಿದ್ದಾರೆ. ಅದೂ ಸರಿಯಲ್ಲ. 2021ರಲ್ಲಿ ಕಾರ್ಡ್ ಸಿಗದೇ ಹೋಗಿದ್ದಕ್ಕೆ ಒಂದು ದೊಡ್ಡ ಕಾರಣ ಇಥೀರಿಯಂ ಮೈನಿಂಗ್, ಅಂದರೆ ಕಾರ್ಡ್‌ಗಳಿಂದ ಲೆಕ್ಕ ಮಾಡಿಸಿ ಇಥೀರಿಯಂ ಎಂಬ ಡಿಜಿಟಲ್ ನಾಣ್ಯ ಗಳಿಸುವುದು. 2022ರ ಸೆಪ್ಟೆಂಬರ್ 15ಕ್ಕೆ ಇಥೀರಿಯಂ ತನ್ನ ವಿಧಾನವನ್ನೇ ಬದಲಿಸಿತು, ಕಾರ್ಡ್ ಇಟ್ಟು ಅದರ ಮೈನಿಂಗ್ ಮಾಡುವುದು ಅವತ್ತಿಗೆ ನಿಂತಿತು, ಆ ಬೇಡಿಕೆಯೂ ಹೋಯಿತು. ಈ ಸಲ ಅಂಥ ಒಂದು ದಿನ ಕಾಣುತ್ತಿಲ್ಲ. ಹೊಸ ಚಿಪ್ ಕಾರ್ಖಾನೆ ಕಟ್ಟಿ ಮಾಲು ಹೊರಗೆ ಬರಲು ವರ್ಷಗಳೇ ಬೇಕು.

ಅಂದಮೇಲೆ ಮಾರುಕಟ್ಟೆ ನೋಡಿ ತೀರ್ಮಾನಿಸಲು ಆಗುವುದಿಲ್ಲ, ನಿಮ್ಮ ಕೆಲಸ ನೋಡಿ ತೀರ್ಮಾನಿಸಬೇಕು. ಎಡಿಟಿಂಗ್ ಮಾಡುವಾಗಲೋ ಗೇಮ್ ಆಡುವಾಗಲೋ ವಿಂಡೋಸ್‌ನ ಟಾಸ್ಕ್ ಮ್ಯಾನೇಜರ್ ತೆರೆಯಿರಿ. ಪರ್ಫಾರ್ಮೆನ್ಸ್ ಭಾಗದಲ್ಲಿ ಜಿಪಿಯು (ಗ್ರಾಫಿಕ್ಸ್ ಕಾರ್ಡಿನ ಮುಖ್ಯ ಚಿಪ್) ಒತ್ತಿದರೆ ಕಾರ್ಡಿನ ಸ್ವಂತ ಮೆಮೊರಿ ಎಷ್ಟು ಬಳಕೆಯಾಗುತ್ತಿದೆ ಅಂತ ತೋರಿಸುತ್ತದೆ. ಅದು ಪೂರ್ತಿ ತುಂಬಿ, ಶೇರ್ಡ್ ಮೆಮೊರಿ (ಕಂಪ್ಯೂಟರಿನ ರ್‍ಯಾಮ್‌ನಿಂದ ಎರವಲು ಪಡೆದದ್ದು) ಏರುತ್ತಾ ಹೋಗಿ, ಕೆಲಸ ತಡವರಿಸುತ್ತಿದ್ದರೆ ಕಾರ್ಡ್ ಸಾಲುತ್ತಿಲ್ಲ ಎಂದೇ ಅರ್ಥ. ಆ ಕೆಲಸದಿಂದಲೇ ನಿಮ್ಮ ಸಂಪಾದನೆ ಇದ್ದರೆ ಇವತ್ತೇ ಕೊಳ್ಳಿ, ಕಾಯುವುದರಲ್ಲಿ ಏನೂ ಲಾಭ ಇಲ್ಲ. ಮೆಮೊರಿ ತುಂಬಿಲ್ಲ, ಜಿಪಿಯು ಅರ್ಧ ಖಾಲಿ ಕೂತಿದೆ, ಆದರೂ ನಿಧಾನ ಅನ್ನಿಸಿದರೆ ತೊಂದರೆ ಬೇರೆ ಕಡೆ ಇದೆ, ಪ್ರೊಸೆಸರೋ ರ್‍ಯಾಮೋ ಹಳೇ ಹಾರ್ಡ್ ಡಿಸ್ಕೋ ನೋಡಿಕೊಳ್ಳಿ.

ಹಳೆಯದಾಯಿತು ಅನ್ನುವುದೊಂದೇ ಕಾರಣ ಆಗಬಾರದು. ಎನ್‌ವಿಡಿಯಾ ಕಂಪನಿಯ 2018ರ ಆರ್‌ಟಿಎಕ್ಸ್ 20 ಸರಣಿಯ ಕಾರ್ಡಿಗೂ 2025ರಲ್ಲಿ ಡಿಎಲ್ಎಸ್ಎಸ್ 4 ಎಂಬ ತಂತ್ರಾಂಶದ ಉತ್ತಮ ಅಪ್‌ಸ್ಕೇಲಿಂಗ್ (ಕಡಿಮೆ ರೆಸಲ್ಯೂಶನ್‌ನ ಚಿತ್ರವನ್ನು ಸ್ಪಷ್ಟವಾಗಿ ಹಿಗ್ಗಿಸುವುದು) ಪುಕ್ಕಟೆಯಾಗಿ ಸಿಕ್ಕಿತು. ಅದಕ್ಕೂ ಹಳೆಯ ಜಿಟಿಎಕ್ಸ್ 10 ಸರಣಿ ಇದ್ದವರ ಕಥೆ ಬೇರೆ. ಅವಕ್ಕೆ ಹೊಸ ಗೇಮ್ ಡ್ರೈವರ್ (ಹೊಸ ಗೇಮ್‌ಗಳಿಗೆ ಕಾರ್ಡನ್ನು ಹೊಂದಿಸುವ ತಂತ್ರಾಂಶ) ಬರುವುದು 2025ರ ಅಕ್ಟೋಬರ್‌ಗೆ ನಿಂತಿದೆ, ಸುರಕ್ಷತೆಯ ಅಪ್‌ಡೇಟ್ ಮಾತ್ರ 2028ರ ಅಕ್ಟೋಬರ್‌ವರೆಗೆ ಇದೆ. ಹೊಸ ಗೇಮ್ ಆಡುವವರು ಬದಲಿಸಲಿ, ಉಳಿದವರಿಗೆ ಇನ್ನೂ ಸಮಯ ಇದೆ.

ಕೊಳ್ಳುವುದೇ ಆದರೆ ಮೆಮೊರಿಯಲ್ಲಿ ಜುಗ್ಗತನ ಬೇಡ. ಆರ್‌ಟಿಎಕ್ಸ್ 5060 ಟಿಐ 2025ರ ಏಪ್ರಿಲ್‌ನಲ್ಲಿ ಬಂದಾಗ 8 ಜಿಬಿಯದ್ದು 379 ಡಾಲರ್, 16 ಜಿಬಿಯದ್ದು 429 ಡಾಲರ್. ಎರಡರಲ್ಲೂ ಚಿಪ್ ಒಂದೇ. ಈ ಬೆಲೆಯಲ್ಲಿ 8 ಜಿಬಿ ತಂದು ಎರಡು ವರ್ಷಕ್ಕೆ ಮತ್ತೆ ಜೇಬಿಗೆ ಕೈ ಹಾಕುವುದು ಯಾರಿಗೆ ಬೇಕು? ಸೆಕೆಂಡ್ ಹ್ಯಾಂಡ್ ಆದರೂ ಪರವಾಗಿಲ್ಲ, ಬಿಲ್ ಮತ್ತು ವಾರಂಟಿ ಕೇಳಿ, ಎದುರಿಗೇ ಅರ್ಧ ಗಂಟೆ ಭಾರಿ ಗೇಮ್ ಅಥವಾ ಪರೀಕ್ಷೆಯ ತಂತ್ರಾಂಶ ಓಡಿಸಿ ನೋಡಿ.

ಕೊನೆಯದಾಗಿ ಅಪ್ಪ ಅಮ್ಮಂದಿರಿಗೆ ಒಂದು ಮಾತು. ಮಗ ಅಥವಾ ಮಗಳು ಎಂಜಿನಿಯರಿಂಗ್ ಸೇರಿದ ಕೂಡಲೇ ದುಬಾರಿ ಕಾರ್ಡ್ ಬೇಕಿಲ್ಲ. ಮೊದಲ ವರ್ಷದ ಸಿ, ಪೈಥಾನ್ ಪಾಠಗಳಿಗೆ ಅದು ಬೇಕಾಗುವುದೇ ಇಲ್ಲ. ಮೆಷಿನ್ ಲರ್ನಿಂಗ್ ಕಲಿಯಲು ಗೂಗಲ್ ಕೊಲ್ಯಾಬ್, ಕ್ಯಾಗಲ್ ಎಂಬ ಜಾಲತಾಣಗಳಲ್ಲಿ ಮಿತಿಯೊಳಗೆ ಜಿಪಿಯು ಉಚಿತವಾಗಿ ಸಿಗುತ್ತದೆ. ಮೊದಲು ಅದರಲ್ಲಿ ಕೆಲಸ ಮಾಡಲಿ, ಅದು ಸಾಲದು ಅನ್ನುವಾಗ ಕೊಡಿಸಿ.

ಇಂತಿ,
ಓದುಗ, ತುಮಕೂರು